ದೇವಗಡದ ಏಳು ಸೆಕೆಂಡು

ಬೈತಖೋಲದ ಕಚೇರಿ, ಮೊದಲ ಮಹಡಿ,
ಕಿಟಕಿಗೆ ಐಸ್ ಫ್ಯಾಕ್ಟರಿಯ ಗೋಡೆ ಅಡ್ಡ.
ಸಮುದ್ರ ಕಾಣಬೇಕೆಂದರೆ ಪರದೆಯನ್ನೇ ನೋಡಬೇಕು.
ಅಲ್ಲಿ ಇನ್ನೂರ ಹದಿನಾಲ್ಕು ಹಸಿರು ಚುಕ್ಕಿ:
ಆಸ್ಪತ್ರೆಯ ಸ್ವಿಚ್ಚು, ಬಂದರಿನ ಕ್ಯಾಮೆರಾ,
ಮಾಜಾಳಿ ಗೇಟಿನ ರೌಟರು,
ಅಂಕೋಲೆಯಲ್ಲಿ ಹಲ್ಲಿ ಮೊಟ್ಟೆಯಿಟ್ಟ ಒಂದು ಪೆಟ್ಟಿಗೆ.
ಐದೈದು ನಿಮಿಷಕ್ಕೊಮ್ಮೆ ಒಬ್ಬೊಬ್ಬರನ್ನೂ ಕೇಳುತ್ತದೆ ಯಂತ್ರ:
ಇದ್ದೀಯಾ?
ಇದ್ದೇನೆ.
ಅಷ್ಟೇ ಸಂಸಾರ.

ದೇವಗಡದ ಚುಕ್ಕಿ ಮಾತ್ರ
ಜೂನ್ ಹುಟ್ಟಿದ ದಿನದಿಂದ ಕೆಂಪು.
ದೀಪಸ್ತಂಭದ ಮಗ್ಗುಲಲ್ಲಿ ಒಂದು ಕಂಬ, ಎರಡು ಬ್ಯಾಟರಿ,
ಗಾಳಿ ಅಳೆಯುವ ರೇಡಿಯೊ.
ದಿನಕ್ಕೆ ನಲವತ್ತು ಬಾರಿ ಸಾಯುತ್ತಿತ್ತು,
ನಲವತ್ತು ಬಾರಿ ಎದ್ದು ಕೂರುತ್ತಿತ್ತು.

ಬ್ಯಾಟರಿ ಒಯ್ಯುವವನು ಪುತ್ತು ತಾಂಡೇಲ.
ಮಳೆಗಾಲದಲ್ಲಿ ದೋಣಿಯಿಲ್ಲ; ಬಾಕಿ ಬಿಲ್ಲು ಕೇಳಲು ಬಂದವ
ನನ್ನ ಬೆನ್ನ ಹಿಂದೆ ನಿಂತು, ಕೊಡೆಯಿಂದ ನೀರು ಸೋರಿಸುತ್ತ ಅಂದ:
"ಸತ್ತದ್ದಲ್ಲ ಅದು. ನೀ ಕೂಗಿದ್ದು ಮುಟ್ಟಬೇಕು,
ಅದು ತಿರುಗಿ ಕೂಗಬೇಕು,
ನಡುವೆ ಆಷಾಢ ಇದೆಯಲ್ಲ.
ರಾವ್ ಗೋ ಬಾಯ್. ಜರಾ ರಾವ್."

ಕಾದೆ. ಎಣಿಸಿದೆ.
ಏಳು ಸೆಕೆಂಡು.
ನಮ್ಮದು ಐದಕ್ಕೇ ಬಾಗಿಲು ಹಾಕಿಕೊಳ್ಳುತ್ತಿತ್ತು.

ಆ ಐದು ನನ್ನದಲ್ಲ.
ಎಲ್ಲಕ್ಕೂ ಅಡಿಯಲ್ಲಿ ಒಂದು ತಳಹದಿ,
ಅದರ ಮೇಲೆ ಕಟ್ಟಿಕೊಂಡವರು ನಾವು, ಹುಬ್ಬಳ್ಳಿಯವರು,
ಹೆಸರೂ ಗೊತ್ತಿಲ್ಲದ ಯಾವುದೋ ಹಿಮದ ಊರಿನವರು.
ಯಾರ ಸೊತ್ತೂ ಅಲ್ಲದ್ದರಿಂದ
ಎಲ್ಲರೂ ಗುಡಿಸಬೇಕಾದ ಅಂಗಳ.
ಐದು ಎಂದು ಬರೆದವನು ಬಹುಶಃ
ತಂತಿ ಗಟ್ಟಿಯಿದ್ದ ಒಣನೆಲದಲ್ಲಿ ಕೂತು ಬರೆದ.
ತಪ್ಪಲ್ಲ. ಅಲ್ಲಿ ಐದೇ ಹೆಚ್ಚು.

ನಾನು ಹತ್ತು ಮಾಡಿದೆ. ಚುಕ್ಕಿ ಹಸಿರಾಯಿತು.
ಮೂರನೇ ದಿನ ಹುಬ್ಬಳ್ಳಿಯಿಂದ ಇನಾಮದಾರರ ಫೋನು:
"ಯಾರ್ರೀ ಅದನ್ನ ಹತ್ತು ಮಾಡಿದವ್ರು?
ನಮ್ವು ಮೂರು ಸಾವಿರ ಡಬ್ಬಿ ಅದಾವು.
ಕೆಟ್ಟು ನಿಂತದ್ದಕ್ಕೂ ಹತ್ತತ್ತು ಸೆಕೆಂಡ್ ಕಾಯ್ಕೋತ ಕುಂತ್ರ
ಸುತ್ತು ಮುಗಿಯೂದು ಯಾವಾಗ?
ನಿಮ್ಮದೊಂದು ನಡುಗಡ್ಡಿ ಸಲುವಾಗಿ..."
ಅವರ ಮಾತೂ ಸುಳ್ಳಲ್ಲ.

ಜಾಲವೆಂದರೆ ಬಲೆ ಎಂದು ಬರೆದುಬಿಡಬಹುದಿತ್ತು;
ಬಂದರಿನಲ್ಲಿ ಕೂತವಳಿಗೆ ಅದು ಅಗ್ಗದ ಮೀನು.
ನೆನಪಾದದ್ದು ರಂಪಣಿ. ಅದರಲ್ಲೂ ಬಲೆಯಲ್ಲ, ಹಗ್ಗ.
ಅರವತ್ತು ಮನೆಯ ತುಂಡು ಸೇರಿಸಿ ಹೊಲಿದದ್ದು,
ಎಳೆಯಲು ಮರಳ ಮೇಲೆ ಎರಡು ಸಾಲು.
ಬಡಗಣ ಸಾಲಿನ ತುದಿಗೆ ನನ್ನ ಆಯಿ,
ಮೊಣಕಾಲು ನೋವಿನವಳು.
ಅವಳಿಗಾಗಿ ಎಳೆತ ನಿಲ್ಲುತ್ತಿರಲಿಲ್ಲ,
ನಿಂತರೆ ಬಂಗಡೆ ಜಾರಿ ಹೋಗುತ್ತದೆ.
ಅವಳನ್ನು ಬಿಟ್ಟೂ ನಡೆಯುತ್ತಿರಲಿಲ್ಲ.
ಮುಂದಿನವ ತಿರುಗದೆಯೇ ಕೇಳುತ್ತಿದ್ದ:
"ಆಯೇ, ಕಿತ್ಲೆ?"
ಅವಳು: ಎರಡು ಉಸಿರು.
ಹಗ್ಗ ಅವಳ ಕಡೆಗಷ್ಟೇ
ಎರಡು ಉಸಿರಿನಷ್ಟು ಸಡಿಲ ಬಿಡುತ್ತಿತ್ತು.

ರಾತ್ರಿ ಎರಡಕ್ಕೆ ನನ್ನ ಹತ್ತನ್ನು ಅಳಿಸಿದೆ.
ಅಂಕಿಯಿದ್ದ ಜಾಗದಲ್ಲಿ ಪ್ರಶ್ನೆ ಇಟ್ಟೆ:
ನಿನಗೆ ಎಷ್ಟು ಹೊತ್ತು ಬೇಕು?
ಹೇಳದವರಿಗೆ ಹಳೆಯ ಐದೇ.
ಹೇಳಿದವರಿಗೆ ಹೇಳಿದಷ್ಟು.
ಹೆಸರೊಂದು ಬೇಕಿತ್ತು. ಇಂಗ್ಲಿಷಿನಲ್ಲಿ ಒಳ್ಳೊಳ್ಳೆಯ ಪದಗಳಿದ್ದವು.
ನಾನು ಇಟ್ಟದ್ದು: ರಾವ್.

ಇನಾಮದಾರರು ಓದಿದರು, ಒಂದು ಅಲ್ಪವಿರಾಮ ತಿದ್ದಿ ಒಪ್ಪಿದರು.
"ಈ ರಾವ್ ಅನ್ನೂವರು ಯಾರ್ರೀ, ನಿಮ್ಮ ಸಾಹೇಬ್ರೇನು?"
ಹೌದು ಅಂದೆ.

ಈಗ ಹಿಮದ ಊರಿನ ಯಾವುದೋ ಗೋಪುರಕ್ಕೂ
ರಾವ್ ಎಂದು ಬರೆದಿದ್ದಾರೆ, ಎದುರಿಗೆ ಇಪ್ಪತ್ತು.
ಯಾರು, ಯಾಕೆ, ಅಲ್ಲಿ ನಡುವೆ ಏನಿದೆ, ತಿಳಿಯದು.

ಸೆಪ್ಟೆಂಬರಿನಲ್ಲಿ ಕಡಲು ಇಳಿದ ಮೇಲೆ
ಪುತ್ತುವಿಗೆ ಧಕ್ಕೆಯ ಮೇಲೆ ನಿಂತು ಇದನ್ನೆಲ್ಲ ಹೇಳಿದೆ.
ಬ್ಯಾಟರಿಗೆ ಗೋಣಿ ಸುತ್ತುತ್ತಿದ್ದ.
"ಅದಕ್ಕೆ ಅವರು ದುಡ್ಡು ಕೊಡ್ತಾರೋ?"
ಇಲ್ಲ.
"ಹಾಗಾದರೆ ಬಾ,
ಈ ತುದಿ ಹಿಡಿ."